ಮುಖದ ಕಪ್ಪು ಕಲೆಗೆ ನೈಸರ್ಗಿಕ ಪದಾರ್ಥಗಳು: ಫಲ ಕೊಡುವುದು ಯಾವುದು, ಹಾನಿ ಮಾಡುವುದು ಯಾವುದು?

ಮನೆಯಲ್ಲಿ ಮದುವೆ ನಿಶ್ಚಯವಾದರೆ ಸಾಕು, ಮದುಮಗಳ ಮುಖದ ಬಗ್ಗೆ ಎಲ್ಲರಿಗೂ ಚಿಂತೆ ಶುರುವಾಗುತ್ತದೆ. ‘ರೋಸ್‌ಗೆ ಇನ್ನು ಎರಡೇ ತಿಂಗಳು, ಕೆನ್ನೆಯ ಕಲೆ ಇನ್ನೂ ಹೋಗಿಲ್ಲವಲ್ಲ’ ಎಂದು ದೊಡ್ಡಮ್ಮ ಒಂದು ಲೇಪ ಹೇಳಿಕೊಡುತ್ತಾರೆ. ನೆರೆಮನೆಯವರು ಲಿಂಬೆರಸ ತಿಕ್ಕಿ ನೋಡು ಎನ್ನುತ್ತಾರೆ. ರಜೆಯಲ್ಲಿ ಊರಿಗೆ ಬಂದ ಸಂಬಂಧಿಕರು ಪರದೇಶದ ಒಂದು ಕ್ರೀಮ್ ಡಬ್ಬಿಯನ್ನು ಕೈಗಿಡುತ್ತಾರೆ. ಡಬ್ಬಿಯ ಮೇಲೆ ಎಲೆ, ಹೂವಿನ ಚಿತ್ರವಿದ್ದರೆ ‘ಇದು ನ್ಯಾಚುರಲ್, ಏನೂ ಆಗುವುದಿಲ್ಲ’ ಎಂಬ ಧೈರ್ಯ ಬೇರೆ.

ಈ ಧೈರ್ಯ ಎಷ್ಟು ಸರಿ? ಗಿಡ, ಹಣ್ಣು ಮತ್ತು ಧಾನ್ಯಗಳಿಂದ ಬಂದ ಕೆಲವು ಪದಾರ್ಥಗಳು ಚರ್ಮದ ಕಪ್ಪು ಕಲೆಗಳನ್ನು ಕಡಿಮೆ ಮಾಡುವುದು ನಿಜ. ಚರ್ಮರೋಗ ತಜ್ಞರೂ ಅವುಗಳನ್ನು ಬಳಸುತ್ತಾರೆ. ಆದರೆ ಅವು ಕೆಲಸ ಮಾಡುವುದು ನಿಧಾನವಾಗಿ, ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ ಮತ್ತು ಬಿಸಿಲಿನಿಂದ ಮುಖವನ್ನು ಕಾಪಾಡಿಕೊಂಡಾಗ ಮಾತ್ರ. ‘ನೈಸರ್ಗಿಕ’ ಎಂಬ ಒಂದೇ ಪದವನ್ನು ನಂಬಿ ಮುಖ ಸುಟ್ಟುಕೊಂಡವರಿದ್ದಾರೆ. ಕಿಡ್ನಿಗೆ ಹಾನಿ ಮಾಡಿಕೊಂಡವರೂ ಇದ್ದಾರೆ. ಆದುದರಿಂದ ಯಾವ ಪದಾರ್ಥ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಕಲೆ ಹೇಗೆ ಉಂಟಾಗುತ್ತದೆ?

ನಮ್ಮ ಚರ್ಮದ ಮೇಲ್ಪದರದ ತಳಭಾಗದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವುದು ಇವುಗಳ ಕೆಲಸ. ಟೈರೋಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಚ್ಚಾವಸ್ತು. ಟೈರೋಸಿನೇಸ್ ಎಂಬ ಕಿಣ್ವ ಈ ತಯಾರಿಯನ್ನು ಆರಂಭಿಸಿಕೊಡುತ್ತದೆ. ಈ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರದ ಅಂಶ ಬೇಕು. ತಯಾರಾದ ಮೆಲನಿನ್ ಪುಟ್ಟ ಪೊಟ್ಟಣಗಳಲ್ಲಿ ತುಂಬಿಕೊಂಡು ಸುತ್ತಲಿನ ಚರ್ಮಕೋಶಗಳಿಗೆ ಹಂಚಿಕೆಯಾಗುತ್ತದೆ. ಅಲ್ಲಿ ಅದು ಕೋಶದ ಕೇಂದ್ರದ ಮೇಲೆ ಕೊಡೆಯಂತೆ ಹರಡಿ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅಂದರೆ ಮೆಲನಿನ್ ನಮ್ಮ ಶತ್ರುವಲ್ಲ, ಕಾವಲುಗಾರ.

ಕಪ್ಪಗಿನವರಲ್ಲಿಯೂ ಬೆಳ್ಳಗಿನವರಲ್ಲಿಯೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್‌ನ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಇದು ಹುಟ್ಟಿನಿಂದ ಬಂದ ಬಣ್ಣ. ಕಾಯಿಲೆಯಲ್ಲ, ಇದಕ್ಕೆ ಔಷಧದ ಅಗತ್ಯವೂ ಇಲ್ಲ. ಚರ್ಮದ ಒಂದು ಭಾಗದಲ್ಲಿ ಮಾತ್ರ ಮೆಲನಿನ್ ಅತಿಯಾಗಿ ಸೇರಿಕೊಂಡಾಗ ಕಲೆ ಕಾಣಿಸುತ್ತದೆ. ಈ ಲೇಖನದಲ್ಲಿ ಹೇಳುತ್ತಿರುವುದು ಅಂತಹ ಕಲೆಗಳ ಬಗ್ಗೆ.

ಸಾಮಾನ್ಯವಾಗಿ ಕಾಣುವ ಕಲೆಗಳು ಮೂರು ಬಗೆಯವು.

1. ಬಂಗು: ಎರಡೂ ಕೆನ್ನೆ, ಹಣೆ, ಮೂಗು ಮತ್ತು ಮೇಲ್ತುಟಿಯ ಮೇಲೆ ಕಂದು ಬಣ್ಣದ ಪಟ್ಟೆಯಂತೆ ಹರಡುತ್ತದೆ. ಹೆಂಗಸರಲ್ಲಿ ಹೆಚ್ಚು. ಬಿಸಿಲು, ಗರ್ಭಧಾರಣೆ, ಗರ್ಭನಿರೋಧಕ ಮಾತ್ರೆ ಮತ್ತು ವಂಶಪಾರಂಪರ್ಯ ಇದಕ್ಕೆ ಮುಖ್ಯ ಕಾರಣಗಳು. ಗರ್ಭಿಣಿಯಾಗಿದ್ದಾಗ ಬಂದ ಬಂಗು ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ತಾನಾಗಿ ಕಡಿಮೆಯಾಗುವುದೂ ಉಂಟು.

2. ಗಾಯ ಅಥವಾ ಉರಿಯೂತದ ನಂತರದ ಕಲೆ: ಮೊಡವೆ, ಸುಟ್ಟ ಗಾಯ, ಸೊಳ್ಳೆ ಕಡಿತ ಅಥವಾ ಅಲರ್ಜಿ ವಾಸಿಯಾದ ಜಾಗದಲ್ಲಿ ಉಳಿಯುವ ಕಪ್ಪು. ನಮ್ಮಂತಹ ಕಂದು ಚರ್ಮದವರಲ್ಲಿ ಇದು ಬಹಳ ಸಾಮಾನ್ಯ.

3. ಬಿಸಿಲಿನ ಕಪ್ಪು: ಪ್ರತಿದಿನ ಬಿಸಿಲಿಗೆ ತೆರೆದುಕೊಳ್ಳುವ ಮುಖ, ಕುತ್ತಿಗೆ ಮತ್ತು ಮುಂಗೈಗಳಲ್ಲಿ ಬರುತ್ತದೆ.

ಮೆಲನಿನ್ ಚರ್ಮದ ಮೇಲ್ಪದರದಲ್ಲೇ ಇದ್ದರೆ ಲೇಪಗಳಿಂದ ಕಲೆ ಕಡಿಮೆಯಾಗುತ್ತದೆ. ಒಳಪದರಕ್ಕೆ ಇಳಿದಿದ್ದರೆ ಯಾವ ಕ್ರೀಮ್‌ಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ಒಂದೇ ಕ್ರೀಮ್ ಅಕ್ಕನಿಗೆ ಫಲ ಕೊಟ್ಟು ತಂಗಿಗೆ ಕೊಡದಿರಲು ಇದೂ ಒಂದು ಕಾರಣ.

ಮೊದಲ ಮದ್ದು ಕೊಡೆ

ಯಾವ ಪದಾರ್ಥವನ್ನೇ ಹಚ್ಚಿ, ಬಿಸಿಲನ್ನು ತಡೆಯದಿದ್ದರೆ ಎಲ್ಲವೂ ವ್ಯರ್ಥ. ರಾತ್ರಿ ಹಚ್ಚಿದ ಕ್ರೀಮ್ ಮೆಲನಿನ್ ತಯಾರಿಯನ್ನು ಸ್ವಲ್ಪ ಕಡಿಮೆ ಮಾಡಿದರೆ, ಮರುದಿನ ಒಂದು ಗಂಟೆಯ ಬಿಸಿಲು ಅದನ್ನು ಮತ್ತೆ ಹೆಚ್ಚಿಸುತ್ತದೆ. ತಳ ತೂತಾದ ಕೊಡಪಾನಕ್ಕೆ ನೀರು ತುಂಬಿಸಿದ ಹಾಗೆ.

ಕರಾವಳಿಯಲ್ಲಿ ಈ ಮಾತಿಗೆ ಇನ್ನೂ ಮಹತ್ವವಿದೆ. ದೋಣಿಯಲ್ಲಿ ದುಡಿಯುವವರಿಗೆ ಮೇಲಿನಿಂದ ಬಿಸಿಲು, ಕೆಳಗಿನಿಂದ ನೀರಿನಿಂದ ಪ್ರತಿಫಲಿಸುವ ಬೆಳಕು. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಗದ್ದೆ ತೋಟದಲ್ಲಿ ದುಡಿಯುವವರು, ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವರು, ಹಬ್ಬದ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ನಡೆಯುವವರು ಎಲ್ಲರೂ ಬಿಸಿಲಿಗೆ ಸಿಗುವವರೇ. ಬಸ್ಸಿನ ಕಿಟಕಿಯ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಬಗೆಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಮೋಡ ಮುಸುಕಿದ ದಿನವೂ ಕಿರಣಗಳು ಬರುತ್ತವೆ.

ಆದುದರಿಂದ ಕೊಡೆ, ಅಗಲ ಅಂಚಿನ ಟೊಪ್ಪಿ, ತಲೆಯ ಮೇಲೆ ಸೆರಗು ಅಥವಾ ಶಾಲು ಇವೇ ಮೊದಲ ಚಿಕಿತ್ಸೆ. ನಂತರ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಮುಖ ಮತ್ತು ಕುತ್ತಿಗೆಗೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಬೇಕಾಗುತ್ತದೆ. ಕಡಲೆಕಾಳಿನಷ್ಟು ಹಚ್ಚಿದರೆ ಸಾಲದು. ಹೊರಗೆ ದುಡಿಯುವವರು ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುವುದರಿಂದ ಕಬ್ಬಿಣದ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣವಿರುವ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ತೆಂಗಿನೆಣ್ಣೆ ಚರ್ಮವನ್ನು ಮೃದುವಾಗಿಡುತ್ತದೆ, ಆದರೆ ಸನ್‌ಸ್ಕ್ರೀನ್‌ನ ಜಾಗವನ್ನು ಅದು ತುಂಬಲಾರದು.

ಫಲ ಕೊಡುವ ಪದಾರ್ಥಗಳು

ಜ್ಯೇಷ್ಠಮಧು: ಅತಿಮಧುರ ಎಂದೂ ಕರೆಯುವ ಈ ಬೇರನ್ನು ಕೆಮ್ಮಿಗೆ ಜಗಿಯುವುದು ನಮಗೆಲ್ಲ ಗೊತ್ತು. ಇದರಲ್ಲಿರುವ ಗ್ಲಾಬ್ರಿಡಿನ್ ಎಂಬ ಅಂಶ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ ಮತ್ತು ಉರಿಯೂತವನ್ನೂ ಕಡಿಮೆ ಮಾಡುತ್ತದೆ. ಇನ್ನೊಂದು ಅಂಶವಾದ ಲಿಕ್ವಿರಿಟಿನ್ ಇರುವ ಕ್ರೀಮನ್ನು ಈಜಿಪ್ಟಿನ ವೈದ್ಯರು 20 ಮಂದಿ ಹೆಂಗಸರ ಮುಖದ ಒಂದು ಬದಿಗೆ ಮಾತ್ರ ಹಚ್ಚಿ, ಇನ್ನೊಂದು ಬದಿಯೊಂದಿಗೆ ಹೋಲಿಸಿ ನೋಡಿದರು. 2000ದಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಉತ್ತಮ ಫಲ ಕಂಡುಬಂದಿತ್ತು. ಅಧ್ಯಯನ ಚಿಕ್ಕದು ಎಂಬುದನ್ನೂ ನೆನಪಿಡಬೇಕು. ಸೂಕ್ಷ್ಮ ಚರ್ಮದವರಿಗೆ ಸಾಮಾನ್ಯವಾಗಿ ಒಗ್ಗುವ ಪದಾರ್ಥವಿದು.

ಕೋಜಿಕ್ ಆಮ್ಲ: ಜಪಾನಿನಲ್ಲಿ ಅಕ್ಕಿಯಿಂದ ಸಾಕೆ ಎಂಬ ಮದ್ಯ ಮಾಡಲು ಕೋಜಿ ಎಂಬ ಬೂಷ್ಟನ್ನು ಬಳಸುತ್ತಾರೆ. 1907ರಲ್ಲಿ ಅಲ್ಲಿನ ವಿಜ್ಞಾನಿಯೊಬ್ಬರು ಅದರಿಂದ ಈ ಆಮ್ಲವನ್ನು ಬೇರ್ಪಡಿಸಿದರು. ಟೈರೋಸಿನೇಸ್ ಕಿಣ್ವದಲ್ಲಿರುವ ತಾಮ್ರವನ್ನು ಹಿಡಿದುಕೊಂಡು ಅದರ ಕೆಲಸವನ್ನು ಇದು ನಿಲ್ಲಿಸುತ್ತದೆ. ಆದರೆ ಕೆಲವರಿಗೆ ಉರಿ, ಅಲರ್ಜಿ ಆಗುತ್ತದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊರಡಿಸಿದ ನಿಯಮದಂತೆ ಮುಖ ಮತ್ತು ಕೈಗೆ ಹಚ್ಚುವ ಉತ್ಪನ್ನಗಳಲ್ಲಿ ಇದು ಶೇ. 1ಕ್ಕಿಂತ ಹೆಚ್ಚಿರಬಾರದು.

ಆರ್ಬುಟಿನ್: ಚಳಿ ಪ್ರದೇಶದ ಬೇರ್‌ಬೆರಿ ಎಂಬ ಪೊದೆಯ ಎಲೆಗಳಲ್ಲಿ ಹೇರಳವಾಗಿದೆ. ಪೇರ್ ಗಿಡದಲ್ಲಿಯೂ ಇದೆ. ರಾಸಾಯನಿಕವಾಗಿ ನೋಡಿದರೆ ಇದು ಸಕ್ಕರೆಯ ಅಂಶದೊಂದಿಗೆ ಕೂಡಿಕೊಂಡ ಹೈಡ್ರೋಕ್ವಿನೋನ್. ಆದ್ದರಿಂದ ಹೈಡ್ರೋಕ್ವಿನೋನ್‌ಗಿಂತ ಸೌಮ್ಯವಾಗಿ ಕೆಲಸ ಮಾಡುತ್ತದೆ. ಆದರೂ ಪ್ರಮಾಣ ಮೀರಬಾರದು.

ಅಜೆಲಾಯಿಕ್ ಆಮ್ಲ: ಗೋಧಿ, ಬಾರ್ಲಿಯಂತಹ ಧಾನ್ಯಗಳಲ್ಲಿದೆ. ಇದರ ಗುಣ ಗೊತ್ತಾದ ಬಗೆ ಸ್ವಾರಸ್ಯಕರ. ಬೆನ್ನು, ಎದೆಯ ಮೇಲೆ ಬರುವ ಚಿಬ್ಬಿನಲ್ಲಿ ಚರ್ಮ ಅಲ್ಲಲ್ಲಿ ಬಿಳುಚಿಕೊಳ್ಳುವುದೇಕೆ ಎಂದು ಹುಡುಕಿದಾಗ, ಚಿಬ್ಬು ತರುವ ಶಿಲೀಂಧ್ರವೇ ಈ ಆಮ್ಲವನ್ನು ತಯಾರಿಸುತ್ತದೆ ಎಂದು ತಿಳಿಯಿತು. ಅತಿಯಾಗಿ ಚಟುವಟಿಕೆಯಲ್ಲಿರುವ ಮೆಲನೋಸೈಟ್‌ಗಳ ಮೇಲೆ ಇದರ ಪರಿಣಾಮ ಹೆಚ್ಚು, ಸಾಮಾನ್ಯ ಚರ್ಮದ ಮೇಲೆ ಕಡಿಮೆ. ಮೊಡವೆಗೂ ಒಳ್ಳೆಯದು. ಶೇ. 10ರಿಂದ 20ರವರೆಗಿನ ಕ್ರೀಮ್, ಜೆಲ್‌ಗಳು ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಗರ್ಭಿಣಿಯರಿಗೂ ವೈದ್ಯರು ಕೊಡಬಹುದಾದ ಕೆಲವೇ ಪದಾರ್ಥಗಳಲ್ಲಿ ಇದೊಂದು. ಮೊದಲ ಕೆಲವು ದಿನ ಚುಚ್ಚಿದಂತೆ ಉರಿಯುವುದು ಸಾಮಾನ್ಯ.

ನಯಾಸಿನಮೈಡ್: ಇದು ಬಿ3 ಜೀವಸತ್ವದ ಒಂದು ರೂಪ. ಮೇಲೆ ಹೇಳಿದವುಗಳಂತೆ ಮೆಲನಿನ್ ತಯಾರಿಯನ್ನು ಇದು ನಿಲ್ಲಿಸುವುದಿಲ್ಲ. ಪೊಟ್ಟಣಗಳು ಸುತ್ತಲಿನ ಕೋಶಗಳಿಗೆ ಹಂಚಿಕೆಯಾಗುವುದನ್ನು ತಡೆಯುತ್ತದೆ. ಶೇ. 5ರ ಪ್ರಮಾಣದಲ್ಲಿ ಕಲೆಗಳು ಕಡಿಮೆಯಾಗುವುದನ್ನು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹೆಚ್ಚಿನವರಿಗೆ ಒಗ್ಗುತ್ತದೆ, ಬೆಲೆಯೂ ಕಡಿಮೆ.

ವಿಟಮಿನ್ ಸಿ: ಮೆಲನಿನ್ ತಯಾರಿಯ ಹಂತಗಳಿಗೆ ಅಡ್ಡಿಪಡಿಸುತ್ತದೆ ಮತ್ತು ಬಿಸಿಲಿನಿಂದಾಗುವ ಹಾನಿಯನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ. ಆದರೆ ಗಾಳಿ, ಬೆಳಕು ತಾಗಿದರೆ ಬೇಗನೆ ಕೆಡುತ್ತದೆ. ಸೀರಮ್ ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಿಸಾಡುವುದೇ ಒಳ್ಳೆಯದು.

ಇವಲ್ಲದೆ ಸೋಯಾ, ಲೋಳೆಸರ, ಹಿಪ್ಪುನೇರಳೆ ಮುಂತಾದವುಗಳ ಸಾರಗಳನ್ನೂ ಬಳಸುತ್ತಾರೆ. ಪ್ರಯೋಗಾಲಯದಲ್ಲಿ ಇವುಗಳ ಗುಣ ಕಂಡಿದ್ದರೂ ಮನುಷ್ಯರ ಚರ್ಮದ ಮೇಲಿನ ಪುರಾವೆ ಅಷ್ಟು ಬಲವಾಗಿಲ್ಲ. ಲೋಳೆಸರ ತಂಪು ಕೊಡುತ್ತದೆ, ಅಷ್ಟನ್ನು ನಿರೀಕ್ಷಿಸಿದರೆ ನಿರಾಶೆಯಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಪದಾರ್ಥಗಳು ಮೂಲದಲ್ಲಿ ಗಿಡ, ಧಾನ್ಯಗಳಲ್ಲಿ ಇರುವಂತಹವಾದರೂ ಕ್ರೀಮ್‌ಗಳಲ್ಲಿ ಇರುವುದು ಶುದ್ಧೀಕರಿಸಿ ಅಳೆದ ಅಥವಾ ಕಾರ್ಖಾನೆಯಲ್ಲಿ ತಯಾರಿಸಿದ ಅಂಶ. ಜ್ಯೇಷ್ಠಮಧುವಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಹಚ್ಚಿದರೆ ಅದೇ ಫಲ ಬರುತ್ತದೆಂದು ಹೇಳಲಾಗದು. ಎಷ್ಟು ಅಂಶ ಇದೆ, ಎಷ್ಟು ಚರ್ಮದೊಳಗೆ ಇಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ.

ಅಡುಗೆಮನೆಯ ಮದ್ದುಗಳು

ಲಿಂಬೆರಸ: ವಿಟಮಿನ್ ಸಿ ಇದೆ ಎಂದು ಲಿಂಬೆಯನ್ನು ನೇರವಾಗಿ ಮುಖಕ್ಕೆ ತಿಕ್ಕುವುದು ದೊಡ್ಡ ತಪ್ಪು. ಅದು ಚರ್ಮಕ್ಕೆ ತೀರಾ ಹುಳಿ. ಅದಕ್ಕಿಂತ ಮುಖ್ಯವಾಗಿ, ಲಿಂಬೆಯ ಜಾತಿಯ ಹಣ್ಣುಗಳ ಸಿಪ್ಪೆ ಮತ್ತು ರಸದಲ್ಲಿ ಬೆಳಕಿಗೆ ಪ್ರತಿಕ್ರಿಯಿಸುವ ಅಂಶಗಳಿವೆ. ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನಗಳಲ್ಲಿ ಸುಟ್ಟಂತೆ ಕೆಂಪಾಗಿ ಗುಳ್ಳೆ ಏಳಬಹುದು. ಆಮೇಲೆ ಉಳಿಯುವ ಕಪ್ಪು ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲು ಹಚ್ಚಿದ್ದೇ ಕಲೆ ತರುತ್ತದೆ.

ಅರಸಿನ: ಉರಿಯೂತ ಕಡಿಮೆ ಮಾಡುವ ಗುಣ ಇದೆ. ವಾರಕ್ಕೊಮ್ಮೆ ಮೊಸರು, ಕಡಲೆಹಿಟ್ಟಿನೊಂದಿಗೆ ಹಚ್ಚಿ ತೊಳೆದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಬಂಗು ಹೋಗುತ್ತದೆಂಬ ಭರವಸೆ ಬೇಡ. ಅಪರೂಪಕ್ಕೆ ಅರಸಿನದಿಂದಲೂ ಅಲರ್ಜಿಯಾಗುತ್ತದೆ. ಕಲಬೆರಕೆಯ ಪುಡಿಯಾದರೆ ಬಣ್ಣದ ರಾಸಾಯನಿಕವೂ ಮುಖಕ್ಕೆ ಸೇರುತ್ತದೆ.

ಮೊಸರು, ಪಪ್ಪಾಯಿ: ಮೊಸರಿನ ಲ್ಯಾಕ್ಟಿಕ್ ಆಮ್ಲ ಮತ್ತು ಪಪ್ಪಾಯಿಯ ಪಪೇನ್ ಕಿಣ್ವ ಮೇಲಿನ ಸತ್ತ ಕೋಶಗಳನ್ನು ಸ್ವಲ್ಪ ಸಡಿಲಿಸುತ್ತವೆ. ಮುಖಕ್ಕೆ ತಾತ್ಕಾಲಿಕ ಹೊಳಪು ಬರುತ್ತದೆ, ಒಳಗಿನ ಮೆಲನಿನ್ ಹಾಗೇ ಇರುತ್ತದೆ. ಹಸಿ ಪಪ್ಪಾಯಿಯ ಹಾಲು ಚರ್ಮವನ್ನು ಕೆರಳಿಸುತ್ತದೆ, ಅದನ್ನು ಹಚ್ಚಬಾರದು.

ಬಟಾಟೆ ರಸ, ಟೊಮೆಟೊ: ಕಲೆ ಹೋಗಿಸುತ್ತವೆ ಎನ್ನಲು ನಂಬುವಂತಹ ಪುರಾವೆಯಿಲ್ಲ.

ಅಡುಗೆ ಸೋಡ, ಟೂತ್‌ಪೇಸ್ಟ್: ಇವು ಮುಖಕ್ಕೆ ಹಚ್ಚುವ ವಸ್ತುಗಳೇ ಅಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ತಿಕ್ಕುವ ಅಭ್ಯಾಸ. ಕಪ್ಪು ಹೋಗಲಿ ಎಂದು ನೈಲಾನ್ ಬ್ರಷ್, ಹೀರೆಕಾಯಿ ನಾರು, ಸಕ್ಕರೆ ಹರಳುಗಳಿಂದ ದಿನಾ ಉಜ್ಜಿದರೆ ಚರ್ಮ ಇನ್ನಷ್ಟು ಕಪ್ಪಾಗುತ್ತದೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ.

ಗಿಡದಿಂದ ಬಂದದ್ದೆಲ್ಲ ಸೌಮ್ಯವಲ್ಲ

ನೈಸರ್ಗಿಕವಾದದ್ದು ಹಾನಿ ಮಾಡುವುದಿಲ್ಲ ಎಂಬ ಮಾತನ್ನು ಕರಾವಳಿಯವರು ನಂಬಲೇಬಾರದು. ಮಾವಿನಕಾಯಿಯ ಸೊನೆ ತುಟಿಗೆ ತಾಗಿದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯನ್ನು ಸುಟ್ಟು ಕಪ್ಪಾಗಿಸುವುದನ್ನು ಗೇರುಬೀಜದ ಕೆಲಸ ಮಾಡಿದವರೆಲ್ಲ ಕಂಡಿದ್ದಾರೆ. ಆ ಎಣ್ಣೆಯನ್ನು ಮಚ್ಚೆ, ನರಹುಲಿ ತೆಗೆಯಲು ಹಚ್ಚಿಕೊಂಡು ಶಾಶ್ವತ ಕಲೆ ಮಾಡಿಕೊಳ್ಳುವವರೂ ಇದ್ದಾರೆ. ಎರಡೂ ಶುದ್ಧ ನೈಸರ್ಗಿಕ ಪದಾರ್ಥಗಳೇ.

ಇದಕ್ಕಿಂತ ದೊಡ್ಡ ಪಾಠ ಜಪಾನಿನಿಂದ ಬಂದಿದೆ. ಅಲ್ಲಿನ ಹೆಸರಾಂತ ಕಾನೆಬೊ ಕಂಪೆನಿ ರೋಡೋಡೆಂಡ್ರಾಲ್ ಎಂಬ ಅಂಶವಿರುವ ಕ್ರೀಮ್‌ಗಳನ್ನು ಮಾರುತ್ತಿತ್ತು. ಬಿಳಿ ಬರ್ಚ್ ಮರದ ತೊಗಟೆಯಲ್ಲಿ ಇರುವ ಅಂಶವಿದು. 2008ರಲ್ಲಿ ಜಪಾನ್ ಸರಕಾರ ಅದಕ್ಕೆ ಅನುಮತಿ ನೀಡಿತ್ತು. ಆದರೆ ಬಳಸಿದ ಕೆಲವರ ಮುಖ, ಕುತ್ತಿಗೆ ಮತ್ತು ಕೈಗಳ ಮೇಲೆ ತೊನ್ನಿನಂತಹ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. 2013ರ ಜುಲೈಯಲ್ಲಿ ಕಂಪೆನಿ 54 ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ತೊಂದರೆಗೊಳಗಾದವರ ಸಂಖ್ಯೆ 19 ಸಾವಿರ ದಾಟಿತು. ಟೈರೋಸಿನೇಸ್ ಕಿಣ್ವವನ್ನು ತಡೆಯಬೇಕಾಗಿದ್ದ ಈ ಅಂಶವನ್ನು ಅದೇ ಕಿಣ್ವ ವಿಷವಾಗಿ ಮಾರ್ಪಡಿಸಿ, ಮೆಲನೋಸೈಟ್‌ಗಳನ್ನೇ ಸಾಯಿಸುತ್ತಿದೆ ಎಂಬುದು ಆಮೇಲೆ ತಿಳಿಯಿತು. ಬಳಕೆ ನಿಲ್ಲಿಸಿದ ನಂತರ ಅನೇಕರಲ್ಲಿ ಬಣ್ಣ ಮರಳಿತು, ಕೆಲವರಲ್ಲಿ ಪೂರ್ತಿಯಾಗಿ ಮರಳಲಿಲ್ಲ. ಮರದ ತೊಗಟೆಯ ಅಂಶ, ಪ್ರತಿಷ್ಠಿತ ಕಂಪೆನಿ, ಸರಕಾರದ ಅನುಮತಿ ಎಲ್ಲವೂ ಇದ್ದೂ ಹೀಗಾಯಿತು. ಹಾಗಿರುವಾಗ ಹೆಸರು, ವಿಳಾಸ ಇಲ್ಲದ ಡಬ್ಬಿಯನ್ನು ನಂಬುವುದು ಹೇಗೆ?

ಡಬ್ಬಿಯೊಳಗೆ ಅಡಗಿರುವುದೇನು?

‘ಹರ್ಬಲ್’ ಎಂದು ಬರೆದಿರುವ ಕೆಲವು ಕ್ರೀಮ್‌ಗಳು ಹತ್ತೇ ದಿನಗಳಲ್ಲಿ ಮುಖವನ್ನು ಬೆಳ್ಳಗೆ ಮಾಡುತ್ತವೆ. ಗಿಡಮೂಲಿಕೆಗೆ ಅಂತಹ ವೇಗ ಇಲ್ಲ. ಅಷ್ಟು ಬೇಗ ಫಲ ಕಂಡರೆ ಸಂತೋಷಪಡುವ ಬದಲು ಸಂಶಯಪಡಬೇಕು. ಅಂತಹ ಕ್ರೀಮ್‌ಗಳಲ್ಲಿ ಮುಖ್ಯವಾಗಿ ಮೂರು ವಸ್ತುಗಳು ಅಡಗಿರಬಹುದು.

ಪಾದರಸ: ಇದು ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಕಿಡ್ನಿ ಮತ್ತು ನರಗಳಿಗೆ ಹಾನಿ ಮಾಡುತ್ತದೆ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇದನ್ನು ಕಣ್ಣಾರೆ ಕಂಡರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಅವರ ಬಳಿಗೆ ಮೂತ್ರದಲ್ಲಿ ಪ್ರೊಟೀನ್ ಸೋರಿಹೋಗುವ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿ ರೋಗಿಗಳು ಬಂದರು. ಅವರಲ್ಲಿ 15 ಮಂದಿಗೆ ಇದ್ದದ್ದು ಆ ಕಾಯಿಲೆಯ ಒಂದು ಅಪರೂಪದ ರೂಪ. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಲು ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಪಾದರಸದ ಕ್ರೀಮ್ ಹಚ್ಚಿದವರ ಕೈ, ಟವೆಲು, ತಲೆದಿಂಬಿನ ಮೂಲಕ ಮನೆಯ ಮಕ್ಕಳಿಗೂ ವಿಷ ತಲುಪುತ್ತದೆ ಎಂಬುದನ್ನು ತಾಯಂದಿರು ಮರೆಯಬಾರದು. ಡಬ್ಬಿಯ ಮೇಲೆ ‘ಚಿನ್ನ, ಬೆಳ್ಳಿಯ ಆಭರಣಗಳಿಗೆ ತಾಗಿಸಬೇಡಿ’ ಎಂಬ ಸೂಚನೆ ಇದ್ದರೆ ಅದು ಪಾದರಸದ ಸುಳಿವು. ನಮ್ಮ ದೇಶದ 2020ರ ಸೌಂದರ್ಯವರ್ಧಕಗಳ ನಿಯಮದಂತೆ ಪಾದರಸ ಬೆರೆಸಿ ಮಾರುವುದು ನಿಷಿದ್ಧ.

ಸ್ಟೀರಾಯ್ಡ್: ಮೊದಲು ಮುಖ ನಯವಾಗಿ, ಬೆಳ್ಳಗೆ ಕಾಣುತ್ತದೆ. ಕೆಲವು ತಿಂಗಳ ನಂತರ ಚರ್ಮ ತೆಳುವಾಗಿ ಕೆಂಪು ನರಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಬೇಡದ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ಬಿಟ್ಟರೆ ಹಿಂದಿಗಿಂತ ಹೆಚ್ಚು ಕಪ್ಪಾಗುವುದರಿಂದ ಬಿಡಲೂ ಆಗುವುದಿಲ್ಲ. ಕೇಂದ್ರ ಸರಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿರ್ಬಂಧಿಸಿತು. ಆದರೂ ‘ಹೋದ ಸಲ ಡಾಕ್ಟರು ಬರೆದು ಕೊಟ್ಟದ್ದು’ ಎಂದು ಒಬ್ಬರ ಚೀಟಿಯ ಕ್ರೀಮನ್ನು ಮನೆಮಂದಿಯೆಲ್ಲ ಹಚ್ಚುವುದು ನಿಂತಿಲ್ಲ.

ಹೈಡ್ರೋಕ್ವಿನೋನ್: ಬಂಗಿಗೆ ವೈದ್ಯರು ಕೆಲವು ತಿಂಗಳ ಮಟ್ಟಿಗೆ ಕೊಡುವ ಪರಿಣಾಮಕಾರಿ ಔಷಧವೇ ಹೌದು. ಆದರೆ ವರ್ಷಗಟ್ಟಲೆ ಹಚ್ಚಿದರೆ ಚರ್ಮದಲ್ಲಿ ನೀಲಿಗಪ್ಪು ಕಲೆಗಳು ಉಳಿದುಬಿಡುತ್ತವೆ. ಅವುಗಳನ್ನು ತೆಗೆಯುವುದು ಬಹಳ ಕಷ್ಟ. ಸೌಂದರ್ಯವರ್ಧಕ ಕ್ರೀಮ್‌ಗಳಲ್ಲಿ ಚರ್ಮ ಬಿಳಿಚಿಸಲು ಇದನ್ನು ಬಳಸುವುದನ್ನು ಯುರೋಪಿಯನ್ ಒಕ್ಕೂಟ 2001ರಲ್ಲೇ ನಿಷೇಧಿಸಿದೆ.

ಮದುವೆ ಮನೆಯ ಮೆಹಂದಿಯ ಬಗ್ಗೆಯೂ ಒಂದು ಮಾತು. ಶುದ್ಧ ಮದರಂಗಿ ಕೆಂಪು ಕಂದು ಬಣ್ಣ ಕೊಡುತ್ತದೆ. ಕ್ಷಣದಲ್ಲಿ ಕಡುಕಪ್ಪಾಗುವ ‘ಕಪ್ಪು ಮೆಹಂದಿ’ಗೆ ಕೂದಲಿನ ಡೈಯ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯಬಹುದು. ಅಲರ್ಜಿ ಇರುವವರಿಗೆ ಕೂದಲಿನ ಡೈಯಿಂದಲೂ ಹಣೆ, ಕಿವಿಯ ಸುತ್ತ ಕಪ್ಪಾಗುತ್ತದೆ.

ಬಳಸುವವರು ಪಾಲಿಸಬೇಕಾದ ನಿಯಮಗಳು

1. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಅಂಶಗಳ ಪಟ್ಟಿ ಇಲ್ಲದ ಯಾವುದೇ ಕ್ರೀಮ್ ಬೇಡ. ಉಡುಗೊರೆಯಾಗಿ ಬಂದರೂ ಬೇಡ.

2. ಹೊಸ ಕ್ರೀಮನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕೆಲವು ದಿನ ನೋಡಿ. ಕೆಂಪಾದರೆ, ತುರಿಸಿದರೆ ಮುಖಕ್ಕೆ ಹಚ್ಚಬೇಡಿ.

3. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ನಾಲ್ಕನ್ನು ಒಟ್ಟಿಗೆ ಹಚ್ಚಿದರೆ ಫಲ ಕೊಟ್ಟದ್ದು ಯಾವುದು, ಉರಿ ತಂದದ್ದು ಯಾವುದು ಎಂದು ತಿಳಿಯುವುದಿಲ್ಲ.

4. ಕನಿಷ್ಠ 8ರಿಂದ 12 ವಾರ ತಾಳ್ಮೆ ಇರಲಿ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಅಥವಾ ಹೆಚ್ಚು ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಮದುವೆಗೆ ಎರಡು ವಾರ ಇರುವಾಗ ಹೊಸತೇನನ್ನೂ ಶುರು ಮಾಡಬೇಡಿ.

5. ಕೋಜಿಕ್, ಪಪ್ಪಾಯಿ ಸಾಬೂನುಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಅರ್ಧ ನಿಮಿಷದಲ್ಲಿ ತೊಳೆದುಹೋಗುವ ವಸ್ತು ಚರ್ಮದೊಳಗೆ ಕೆಲಸ ಮಾಡುವುದು ಕಷ್ಟ.

6. ಉರಿಯನ್ನು ಸಹಿಸಿಕೊಂಡು ಮುಂದುವರಿಸಬೇಡಿ. ನಮ್ಮ ಚರ್ಮದಲ್ಲಿ ಉರಿಯೂತವೇ ಹೊಸ ಕಲೆಯ ಆರಂಭ.

ಚರ್ಚುಗಳ ಸ್ತ್ರೀ ಸಂಘಟನೆಗಳು ಮತ್ತು ಸ್ವಸಹಾಯ ಗುಂಪುಗಳು ಸಾಬೂನು, ಫೇಸ್‌ಪ್ಯಾಕ್ ತಯಾರಿಸಿ ಮಾರುವುದುಂಟು. ಒಳ್ಳೆಯ ಸ್ವ ಉದ್ಯೋಗವದು. ಆದರೆ ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು ಲೈಸೆನ್ಸ್ ಬೇಕು ಎಂಬುದು ತಿಳಿದಿರಲಿ. ಏನೇನು ಹಾಕಿದ್ದೇವೆ ಎಂದು ಚೀಟಿ ಅಂಟಿಸಿ. ‘ಬೆಳ್ಳಗಾಗಿಸುತ್ತದೆ’ ಎಂಬ ಭರವಸೆಯನ್ನು ಮಾರಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಕೆಲವು ಕಪ್ಪು ಕಲೆಗಳು ಚರ್ಮದ್ದೇ ತೊಂದರೆಯಲ್ಲ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ದಪ್ಪಗೆ, ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ಅಲ್ಲಿಗೆ ಕ್ರೀಮ್ ಹಚ್ಚುವ ಮೊದಲು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಮೈಯೆಲ್ಲ ಕಪ್ಪಾಗುತ್ತಾ, ಒಸಡಿನಲ್ಲೂ ಕಪ್ಪು ಕಂಡು, ಸುಸ್ತು ಇದ್ದರೆ ವೈದ್ಯರನ್ನು ಕಾಣಲೇಬೇಕು. ಮಚ್ಚೆಯ ಆಕಾರ, ಬಣ್ಣ ಬದಲಾಗುತ್ತಿದ್ದರೆ, ರಕ್ತ ಬಂದರೆ ತಡಮಾಡಬಾರದು. ಹೊಸ ಕ್ರೀಮ್ ಹಚ್ಚಲು ಶುರುಮಾಡಿದ ಮೇಲೆ ಕಾಲು, ಮುಖ ಊದಿಕೊಂಡರೆ ಅಥವಾ ಮೂತ್ರದಲ್ಲಿ ನೊರೆ ಬಂದರೆ, ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಯಾವುದನ್ನೂ ಹಚ್ಚಬಾರದು.

ಕೊನೆಯ ಮಾತು

ಕಲೆ ಕಡಿಮೆಯಾಗಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಕೊಡೆ, ಸನ್‌ಸ್ಕ್ರೀನ್, ಸರಿಯಾದ ಒಂದು ಪದಾರ್ಥ ಮತ್ತು ಮೂರು ತಿಂಗಳ ತಾಳ್ಮೆ ಇಷ್ಟಿದ್ದರೆ ಹೆಚ್ಚಿನ ಕಲೆಗಳು ಮಾಸುತ್ತವೆ. ಪೂರ್ತಿ ಹೋಗದಿದ್ದರೂ ಕಣ್ಣಿಗೆ ಹೊಡೆದು ಕಾಣುವುದಿಲ್ಲ. ಆದರೆ ಕಲೆ ತೆಗೆಯುವುದು ಬೇರೆ, ಹುಟ್ಟಿದ ಬಣ್ಣವನ್ನೇ ತೆಗೆಯಲು ಹೊರಡುವುದು ಬೇರೆ. ಎರಡನೆಯದು ಯಾವ ಗಿಡದಿಂದಲೂ ಆಗುವ ಕೆಲಸವಲ್ಲ. ಅದನ್ನು ಮಾಡುತ್ತೇನೆಂದು ಹೇಳುವ ಡಬ್ಬಿಗಳೇ ಕಿಡ್ನಿಯ ಬೆಲೆ ಕೇಳುತ್ತವೆ.

‘ಹುಡುಗಿ ಸ್ವಲ್ಪ ಕಪ್ಪು’ ಎಂದು ಮದುವೆ ಮಾತುಕತೆಯಲ್ಲಿ ಸಲೀಸಾಗಿ ಆಡುವ ಮಾತು ಎಷ್ಟೋ ಹೆಣ್ಣುಮಕ್ಕಳನ್ನು ಇಂತಹ ಡಬ್ಬಿಗಳ ಕಡೆಗೆ ದೂಡುತ್ತದೆ. ಆ ಮಾತನ್ನು ಆಡದಿರುವುದು ಹಿರಿಯರಾದ ನಮ್ಮಿಂದ ಆಗುವ ಸಣ್ಣ ಉಪಕಾರ. ರೋಸ್‌ನ ದಿನ ನಾವು ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು ಅವಳ ಬಣ್ಣ ಬದಲಿಸಲು ಅಲ್ಲ, ಹರಸಿ ಕಳುಹಿಸಲು. ಅವಳು ಆರೋಗ್ಯವಾಗಿ ಹೊಸ ಮನೆಗೆ ಹೋಗಲಿ, ಅಷ್ಟೇ ನಮಗೆ ಬೇಕಾದದ್ದು.